ಕಣ್ಪೊರೆ ಆಪರೇಷನ್‌ನಲ್ಲಿ ವಿಸ್ಕೋ ಬಳಕೆ: ತುಂಬುವುದರಿಂದ ತೆಗೆಯುವವರೆಗೆ

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಒಳಮೈಗೆ ಅಂಟಿಕೊಂಡಿರುವ ಎಂಡೋಥೀಲಿಯಂ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರ. ವಯಸ್ಕರಲ್ಲಿ ಚದರ ಮಿಲಿಮೀಟರಿಗೆ ಸುಮಾರು 2,500 ಕೋಶಗಳಿರುತ್ತವೆ. ಇವುಗಳಲ್ಲಿ ಒಂದು ಸತ್ತರೆ ಆ ಜಾಗಕ್ಕೆ ಹೊಸದು ಹುಟ್ಟಿ ಬರುವುದಿಲ್ಲ. ಅಕ್ಕಪಕ್ಕದವು ಹಿಗ್ಗಿ ಖಾಲಿ ಜಾಗ ಮುಚ್ಚುತ್ತವೆ, ಅಷ್ಟೆ. ಎಣಿಕೆ 500ರ ಆಸುಪಾಸಿಗೆ ಇಳಿದರೆ ಕಾರ್ನಿಯಾದಿಂದ ನೀರು ಹೊರಹಾಕುವ ಕೆಲಸ ಸೋಲುತ್ತದೆ, ಕಾರ್ನಿಯಾ ಊದಿ ಮಸುಕಾಗುತ್ತದೆ. ಆಮೇಲೆ ದಾರಿ ಕಾರ್ನಿಯಾ ಕಸಿ ಮಾತ್ರ. ಕಣ್ಪೊರೆ ತೆಗೆಯುವಾಗ ಉಪಕರಣಗಳೆಲ್ಲ ಓಡಾಡುವುದು ಈ ಪದರದಿಂದ ಎರಡು-ಮೂರು ಮಿಲಿಮೀಟರ್ ದೂರದಲ್ಲಿ. ಕಾರ್ನಿಯಾಕ್ಕೂ ಬಣ್ಣದ ಪರದೆಯಾದ ಐರಿಸ್‌ಗೂ ನಡುವಿನ ಮುಂಗೋಣೆಯಲ್ಲಿ, ಅಂದರೆ ಆಪರೇಷನ್ ಥಿಯೇಟರ್ (ಓಟಿ) ಮಾತಿನ 'ಎಸಿ'ಯಲ್ಲಿ, ಹಿಡಿಯುವ ದ್ರವ ಕಾಲು ಮಿಲಿಲೀಟರ್ ಮಾತ್ರ. ಚಿಕ್ಕ ಗಾಯ ಮಾಡಿದರೂ ಆ ದ್ರವ ಸೋರಿ ಕೋಣೆ ಕುಸಿಯುತ್ತದೆ.

ಕುಸಿಯದಂತೆ ಜಾಗ ಹಿಡಿದಿಡುವುದು, ಎಂಡೋಥೀಲಿಯಂ ಮೇಲೆ ಲೇಪವಾಗಿ ನಿಲ್ಲುವುದು, ಇವು ವಿಸ್ಕೋದ, ಅಂದರೆ ಆಪರೇಷನ್ ವೇಳೆ ಕಣ್ಣೊಳಗೆ ತುಂಬುವ ದಪ್ಪ ಪಾರದರ್ಶಕ ಜೆಲ್‌ನ, ಎರಡು ಕೆಲಸ. ಬಳಸುವವರು ಮೊದಲು ಮನಸ್ಸಿನಲ್ಲಿಡಬೇಕಾದದ್ದು ಏನೆಂದರೆ, ಈ ಎರಡನ್ನೂ ಒಂದೇ ಜೆಲ್ ಸಮಾನವಾಗಿ ಮಾಡುವುದಿಲ್ಲ. 'ವಿಸ್ಕೋ ಹಾಕಿ' ಎನ್ನುವ ಮುನ್ನ ಈ ಹಂತದಲ್ಲಿ ಬೇಕಿರುವುದು ಜಾಗವೋ ಲೇಪವೋ ಎಂಬುದು ಸ್ಪಷ್ಟವಾಗಿರಬೇಕು. ಇದು ತರಬೇತಿಯಲ್ಲಿರುವ ನೇತ್ರ ವೈದ್ಯರಿಗೂ ಓಟಿ ಸಿಬ್ಬಂದಿಗೂ ಬರೆದದ್ದು. ಹಿರಿಯ ಸರ್ಜನ್ ಪಕ್ಕದಲ್ಲಿ ನಿಂತು ಕಲಿಸುವುದಕ್ಕೆ ಇದು ಬದಲಿಯಲ್ಲ.

ಯಾವ ಜೆಲ್ ಏನು ಮಾಡುತ್ತದೆ

1970ರ ದಶಕದ ಕೊನೆಯವರೆಗೂ ಎಸಿಯನ್ನು ಎತ್ತಿ ಹಿಡಿಯಲು ಇದ್ದದ್ದು ಗಾಳಿ ಮತ್ತು ಲವಣದ್ರಾವಣ. ಡಾ. ಎಂ. ಸಿ. ಮೋದಿಯವರು ಕರ್ನಾಟಕದ ಊರೂರಲ್ಲಿ ನೇತ್ರ ಶಿಬಿರ ನಡೆಸಿದ ಮೊದಲ ದಶಕಗಳೆಲ್ಲ ವಿಸ್ಕೋ ಇಲ್ಲದ ಕಾಲದವು. ಹಂಗೆರಿ ಮೂಲದ ವಿಜ್ಞಾನಿ ಎಂಡ್ರೆ ಬಲಾಜ್ಸ್ ಹುಂಜದ ಜುಟ್ಟಿನಿಂದ ಸೋಡಿಯಂ ಹಯಲುರೊನೇಟ್ ತೆಗೆದು, ಉರಿಯೂತ ಹುಟ್ಟಿಸದಷ್ಟು ಶುದ್ಧಗೊಳಿಸಿದರು. ಅದೇ ಹೀಲಾನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕೃತಕ ಲೆನ್ಸ್ ಜೋಡಣೆಯಲ್ಲಿ ಅದರ ಬಳಕೆಯನ್ನು 1980ರ ಹೊತ್ತಿಗೆ ಡೇವಿಡ್ ಮಿಲ್ಲರ್ ಮತ್ತು ರಾಬರ್ಟ್ ಸ್ಟೆಗ್‌ಮನ್ ತೋರಿಸಿಕೊಟ್ಟರು.

ಇಂದು ಸಿಗುವ ಜೆಲ್‌ಗಳನ್ನು ಸ್ಥೂಲವಾಗಿ ಎರಡು ಗುಂಪು ಮಾಡಬಹುದು. ಕೊಹೆಸಿವ್ ಗುಂಪಿನವು ಉದ್ದನೆಯ, ಭಾರದ ಅಣುಗಳು ಪರಸ್ಪರ ಹೆಣೆದುಕೊಂಡವು. 1 ಅಥವಾ 1.4 ಶೇಕಡಾ ಹಯಲುರೊನೇಟ್ ಇದಕ್ಕೆ ಉದಾಹರಣೆ. ಬೆಂಡೆಕಾಯಿ ಲೋಳೆಯ ಹಾಗೆ ಒಂದು ತುದಿ ಎಳೆದರೆ ಉಳಿದದ್ದೂ ಹಿಂದೆಯೇ ಬರುತ್ತದೆ. ಜಾಗ ಹಿಡಿಯುವುದರಲ್ಲಿ ಗಟ್ಟಿ, ಕೊನೆಗೆ ತೆಗೆಯುವುದೂ ಸುಲಭ. ಆದರೆ ಫೇಕೋ, ಅಂದರೆ ಅಲ್ಟ್ರಾಸೌಂಡ್‌ನಿಂದ ಲೆನ್ಸ್ ಒಡೆದು ಹೀರುವ ಕೆಲಸ, ಶುರುವಾದ ಕೆಲವೇ ಕ್ಷಣಗಳಲ್ಲಿ ಇಡಿಯಾಗಿ ಹೀರಿಹೋಗುತ್ತದೆ, ಎಂಡೋಥೀಲಿಯಂ ಬರಿದಾಗುತ್ತದೆ. ಡಿಸ್ಪರ್ಸಿವ್ ಗುಂಪಿನವು ಚಿಕ್ಕ ಅಣುಗಳವು. 3 ಶೇಕಡಾ ಹಯಲುರೊನೇಟ್ ಜೊತೆ 4 ಶೇಕಡಾ ಕಾಂಡ್ರಾಯ್ಟಿನ್ ಸಲ್ಫೇಟ್ ಇರುವ ವಿಸ್ಕೋಟ್ ಈ ಗುಂಪಿನದು. ಇವು ತುಣುಕು ತುಣುಕಾಗಿ ಒಡೆಯುತ್ತವೆ, ಹಾಗಾಗಿ ನೀರಿನ ಹರಿವಿನಲ್ಲೂ ಒಂದು ಪದರ ಕಾರ್ನಿಯಾಕ್ಕೆ ಅಂಟಿ ಉಳಿಯುತ್ತದೆ. ಉಳಿಯುವ ಗುಣವೇ ಕೊನೆಯಲ್ಲಿ ತೆಗೆಯುವಾಗ ತಲೆನೋವು.

ನಮ್ಮ ದೇಶದ ಬಹುಪಾಲು ಓಟಿಗಳಲ್ಲಿ ಟ್ರೇ ಮೇಲೆ ಇರುವುದು 2 ಶೇಕಡಾ ಎಚ್‌ಪಿಎಂಸಿ. ಸಸ್ಯದ ಸೆಲ್ಯುಲೋಸ್‌ನಿಂದ ತಯಾರಾದದ್ದು, ಅಗ್ಗ, ಫ್ರಿಜ್ ಬೇಡ. ನಡತೆಯಲ್ಲಿ ಇದು ಡಿಸ್ಪರ್ಸಿವ್. ಚೆನ್ನಾಗಿ ಲೇಪವಾಗುತ್ತದೆ, ಆದರೆ ಸ್ಥಿತಿಸ್ಥಾಪಕ ಗುಣ ತೀರ ಕಡಿಮೆ, ಒತ್ತಡದೆದುರು ಹೆಚ್ಚು ಹೊತ್ತು ಜಾಗ ಹಿಡಿಯದು. ಇದನ್ನು ಬಡವರ ವಿಸ್ಕೋ ಎಂದು ಮೂಗು ಮುರಿಯುವುದು ತಪ್ಪು. ಸಾಧಾರಣ ಕಣ್ಪೊರೆಗೆ, ಅದರಲ್ಲೂ ಸಣ್ಣ ಗಾಯದಿಂದ ಕೈಯಾರೆ ಲೆನ್ಸ್ ತೆಗೆಯುವ ಎಸ್‌ಐಸಿಎಸ್‌ಗೆ, ಅದು ಸಾಕು. ಎಲ್ಲಿ ಸಾಲದು ಎಂಬುದನ್ನು ಅರಿತಿರಬೇಕು: ಎಂಡೋಥೀಲಿಯಲ್ ಎಣಿಕೆ 1,000ಕ್ಕಿಂತ ಕೆಳಗಿರುವ ಕಣ್ಣು, ಒಳಮೈಯಲ್ಲಿ ಗುಟ್ಟಾಟಾ ಎಂಬ ಸಣ್ಣ ಉಬ್ಬುಗಳು ಕಾಣುವ ಕಾರ್ನಿಯಾ, ಕಂದು ಬಣ್ಣಕ್ಕೆ ತಿರುಗಿದ ಗಟ್ಟಿ ನ್ಯೂಕ್ಲಿಯಸ್ (ಲೆನ್ಸಿನ ತಿರುಳು), 2.5 ಮಿ.ಮೀ.ಗಿಂತ ಕಡಿಮೆ ಆಳದ ಎಸಿ, ಊದಿದ ಬಿಳಿ ಕಣ್ಪೊರೆ, ಹಿಗ್ಗದ ಪಾಪೆ. ಇಂಥ ಕೇಸ್ ಪಟ್ಟಿಯಲ್ಲಿದ್ದರೆ ಹಿಂದಿನ ದಿನವೇ ಎರಡು ಬಗೆಯ ಜೆಲ್ ತರಿಸಿಡಿ. ಕೇಸ್ ನಡುವೆ ಸಿಸ್ಟರ್ ಸ್ಟೋರ್‌ಗೆ ಓಡುವಂತಾಗಬಾರದು.

ಟ್ರೇ ಮೇಲೆ

ಹಯಲುರೊನೇಟ್ ಇರುವ ಜೆಲ್‌ಗಳಲ್ಲಿ ಬಹುತೇಕವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಲೇಬಲ್ ಓದಿ. ಬಳಸುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ. ತಣ್ಣಗಿನ ಜೆಲ್ ಕ್ಯಾನ್ಯುಲಾದಲ್ಲಿ (ಸಿರಿಂಜಿನ ಮೊಂಡು ಸೂಜಿ) ಬಿಗಿಯುತ್ತದೆ, ಸರ್ಜನ್ ಜೋರಾಗಿ ಒತ್ತುತ್ತಾರೆ, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಬಿಸಿನೀರಿನಲ್ಲಿ ಅದ್ದಿ ಬೇಗ ಬೆಚ್ಚಗೆ ಮಾಡುವ ಅಡ್ಡದಾರಿ ಬೇಡ.

ಮುಂದಿನದು ಅತಿ ಮುಖ್ಯ. ಕ್ಯಾನ್ಯುಲಾವನ್ನು ಲೂಯರ್ ಲಾಕ್ ಇರುವ ಸಿರಿಂಜಿಗೇ ಹಾಕಿ, ತಿರುಗಿಸಿ ಬಿಗಿ ಮಾಡಿ. ಸಿರಿಂಜನ್ನು ಮೇಲ್ಮುಖವಾಗಿ ಹಿಡಿದು ಗುಳ್ಳೆ ಹೊರಹಾಕಿ, ಕಣ್ಣಿನ ಹೊರಗೆ ಒಂದು ಹನಿ ಒತ್ತಿ ನೋಡಿ. ದಪ್ಪ ಜೆಲ್, 27 ಗೇಜ್‌ನ ಸಣ್ಣ ತೂತು, ಹೆಬ್ಬೆರಳಿನ ಬಲ, ಈ ಮೂರೂ ಸೇರಿದಾಗ ಸಡಿಲವಾದ ಕ್ಯಾನ್ಯುಲಾ ಬಾಣದಂತೆ ಸಿಡಿಯುತ್ತದೆ. ಐರಿಸ್ ಹರಿದದ್ದು, ಲೆನ್ಸ್ ಸುತ್ತಲಿನ ಪೊರೆ (ಕ್ಯಾಪ್ಸೂಲ್) ಒಡೆದದ್ದು, ರೆಟಿನಾಕ್ಕೇ ಪೆಟ್ಟಾದದ್ದು, ಎಲ್ಲವೂ ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ಸಿಸ್ಟರ್ ಬಿಗಿ ಮಾಡಿ ಕೊಟ್ಟಿದ್ದರೂ ಸರ್ಜನ್ ಒಮ್ಮೆ ತಾವೇ ತಿರುಗಿಸಿ ನೋಡಬೇಕು. ಕಣ್ಣೊಳಗೆ ಒತ್ತುವಾಗ ಪ್ಲಂಜರ್ ಬರದಿದ್ದರೆ ಇನ್ನಷ್ಟು ಬಲ ಹಾಕದೆ ಹೊರಗೆ ತೆಗೆದು ನೋಡಿ.

ಒಂದು ಸಿರಿಂಜು ಒಬ್ಬ ರೋಗಿಗೆ. 2 ಮಿ.ಲೀ. ಎಚ್‌ಪಿಎಂಸಿಯಲ್ಲಿ ಅರ್ಧ ಉಳಿದಿದೆಯೆಂದು ಮುಂದಿನ ಟೇಬಲ್‌ಗೆ ದಾಟಿಸುವ ಆಸೆ ಶಿಬಿರದ ದಿನಗಳಲ್ಲಿ ಬರುತ್ತದೆ. ಒಬ್ಬರ ಸೋಂಕು ಹತ್ತು ಜನರಿಗೆ ಹರಡುವುದು ಹೀಗೇ. ಕ್ಯಾನ್ಯುಲಾದ ಮರುಬಳಕೆಯೂ ಅಷ್ಟೇ ಅಪಾಯ. ಒಳಗೆ ಒಣಗಿದ ಜೆಲ್ ಆಟೊಕ್ಲೇವ್‌ನಲ್ಲಿ ಕರಗಿ ಹೋಗುವುದಿಲ್ಲ. ಅದರ ಶೇಷ, ತೊಳೆಯಲು ಬಳಸಿದ ಡಿಟರ್ಜೆಂಟಿನ ಶೇಷ, ಎರಡೂ ಮುಂದಿನ ಕಣ್ಣಿನಲ್ಲಿ ಟಾಸ್ ಎಂಬ ತೀವ್ರ ಉರಿಯೂತ ತರಬಲ್ಲವು. ನೀರು ಬಿಡುತ್ತಲೇ ಹೀರುವ ಸಿಮ್ಕೋ ಕ್ಯಾನ್ಯುಲಾದಂಥ ಮರುಬಳಕೆಯ ಉಪಕರಣಗಳನ್ನು ಕೇಸ್ ಮುಗಿದ ತಕ್ಷಣ, ಜೆಲ್ ಒಣಗುವ ಮೊದಲೇ, ಸ್ಟೆರೈಲ್ ಡಿಸ್ಟಿಲ್ಡ್ ನೀರನ್ನು ಒಳಗೆ ಹಾಯಿಸಿ ಧಾರಾಳವಾಗಿ ತೊಳೆಯಬೇಕು.

ಮೊದಲ ಬಾರಿ ತುಂಬುವುದು

ಕ್ಯಾಪ್ಸೂಲಿಗೆ ನೀಲಿ ಬಣ್ಣ ಕೊಡುವ ಟ್ರಿಪಾನ್ ಬ್ಲೂ ಬೇಕಿದ್ದರೆ ಅದು ವಿಸ್ಕೋಗಿಂತ ಮೊದಲು. ಪಕ್ಕದ ಚಿಕ್ಕ ಗಾಯವಾದ ಸೈಡ್ ಪೋರ್ಟ್‌ನಿಂದ ಗಾಳಿಗುಳ್ಳೆ ಬಿಟ್ಟು, ಅದರಡಿ 0.06 ಶೇಕಡಾ ಬಣ್ಣ ಹಚ್ಚಿ, ಕೆಲವು ಸೆಕೆಂಡ್ ಬಿಟ್ಟು ತೊಳೆದು, ಆಮೇಲೆ ಜೆಲ್. ಜೆಲ್ ಮೊದಲು ಹೋದರೆ ಬಣ್ಣ ಕ್ಯಾಪ್ಸೂಲನ್ನು ಸಮನಾಗಿ ಮುಟ್ಟುವುದಿಲ್ಲ.

ಕ್ಯಾನ್ಯುಲಾ ತುದಿ ಪಾಪೆಯ ಎದುರು, ಎಸಿಯೊಳಗೆ ಸ್ಪಷ್ಟವಾಗಿ ಕಂಡ ಮೇಲಷ್ಟೇ ಒತ್ತಿ. ತುದಿ ಇನ್ನೂ ಕಾರ್ನಿಯಾದ ಪದರಗಳ ನಡುವೆ ಇದ್ದಾಗ ಒತ್ತಿದರೆ ಜೆಲ್ ಎಂಡೋಥೀಲಿಯಂ ಹೊತ್ತಿರುವ ಡೆಸ್ಮೆಟ್ ಪೊರೆಯನ್ನು ಕಿತ್ತು ಹಿಂದಕ್ಕೆ ತಳ್ಳುತ್ತದೆ. ಗಾಳಿಯಿಂದ ಮತ್ತೆ ಅಂಟಿಸುವುದಕ್ಕೂ ನಡುವೆ ಕೂತ ಜೆಲ್ ಅಡ್ಡಿ. ಅದನ್ನು ಮೊದಲು ಹೊರಗೆ ಹಿಂಡಬೇಕಾಗುತ್ತದೆ.

ತುದಿಯನ್ನು ಎದುರು ಬದಿಯ ಕೋನದ (ಕಾರ್ನಿಯಾ, ಐರಿಸ್ ಸೇರುವ ಜಾಗ) ತನಕ ಒಯ್ದು ಅಲ್ಲಿಂದ ಶುರುಮಾಡಿ, ಜೆಲ್ ಮುಂದೊತ್ತಿ ಬಂದಂತೆ ಕ್ಯಾನ್ಯುಲಾವನ್ನು ಹಿಂದಕ್ಕೆ ಎಳೆದುಕೊಳ್ಳುತ್ತ ಬನ್ನಿ. ಒಳಗಿನ ನೀರು ಆಗ ಕ್ಯಾನ್ಯುಲಾದ ಪಕ್ಕದಿಂದ ಹೊರಬರುತ್ತದೆ. ಗಾಯದ ಬಳಿಯಿಂದಲೇ ಶುರುಮಾಡಿದರೆ ನೀರು ಒಳಗಡೆ ಸಿಕ್ಕಿಬೀಳುತ್ತದೆ. ಎಸಿ ತುಂಬಿದಂತೆ ಕಂಡರೂ ಅಲ್ಲಿರುವುದು ನೀರಿನ ಗುಡ್ಡೆ, ಮುಖ್ಯ ಗಾಯ ಮಾಡುವ ಬ್ಲೇಡ್ ಆದ ಕೆರಟೋಮ್ ಒಳಗೆ ಹೋದ ಕ್ಷಣ ಕುಸಿಯುತ್ತದೆ. ಎಷ್ಟು ಸಾಕು? ಬೆರಳಿಗೆ ಕಣ್ಣು ಸಹಜ ಬಿಗಿಗಿಂತ ಸ್ವಲ್ಪ ಹೆಚ್ಚು ಅನ್ನಿಸಬೇಕು. ಅದನ್ನು ಮೀರಿದರೆ ಮುಖ್ಯ ಗಾಯ ಮಾಡಿದೊಡನೆ ಐರಿಸ್ ಹೊರಕ್ಕೆ ನುಗ್ಗುತ್ತದೆ.

ರೆಕ್ಸಿಸ್

ರೆಕ್ಸಿಸ್ ಎಂದರೆ ಮುಂಭಾಗದ ಕ್ಯಾಪ್ಸೂಲನ್ನು ದುಂಡಗೆ ಹರಿದು ಮಾಡುವ ಕಿಂಡಿ. ಅದು ಅಂಚಿನ ಕಡೆ ಓಡಿಹೋಗುವುದಕ್ಕೆ ಕೈಯನ್ನು ಬೈಯುವುದು ರೂಢಿ. ನಿಜವಾದ ಕಾರಣ ಹಲವು ಸಲ ಖಾಲಿಯಾದ ಎಸಿ. ಒಳಗಿನ ಒತ್ತಡ ಇಳಿದಾಗ ಲೆನ್ಸ್ ಮುಂದಕ್ಕೆ ಉಬ್ಬುತ್ತದೆ, ಮುಂಭಾಗದ ಕ್ಯಾಪ್ಸೂಲ್ ಗುಮ್ಮಟವಾಗುತ್ತದೆ, ಲೆನ್ಸನ್ನು ಹಿಡಿದಿರುವ ಝೋನ್ಯೂಲ್ ಎಳೆಗಳು ಸೀಳನ್ನು ಹೊರಕ್ಕೆ ಎಳೆಯುತ್ತವೆ. ಕ್ಯಾಪ್ಸೂಲ್ ಚಪ್ಪಟೆಯಾಗಿರುವವರೆಗೆ 5ರಿಂದ 5.5 ಮಿ.ಮೀ. ವೃತ್ತ ಹೇಳಿದಂತೆ ಕೇಳುತ್ತದೆ. ಸೀಳು ದಾರಿ ತಪ್ಪುತ್ತಿದೆ ಅನ್ನಿಸಿದ ಮೊದಲ ಕ್ಷಣದಲ್ಲೇ ಫ್ಲಾಪ್ (ಹರಿದ ಪೊರೆಯ ತುಂಡು) ಬಿಟ್ಟು, ಜೆಲ್ ತುಂಬಿ, ಮತ್ತೆ ಹಿಡಿಯಿರಿ. ಈಗಾಗಲೇ ಓಡಿದ್ದರೆ ಮಡಚಿದ ಫ್ಲಾಪನ್ನು ಬಿಡಿಸಿ ಹರಡಿ, ಬಂದ ದಾರಿಯ ಕಡೆಗೇ ಸಮತಲದಲ್ಲಿ ಹಿಂದಕ್ಕೆ ಎಳೆದು, ಆಮೇಲೆ ಮಧ್ಯಕ್ಕೆ ತಿರುಗಿಸುವ ಲಿಟಲ್ ತಂತ್ರವಿದೆ. ಅದೂ ಫಲಿಸುವುದು ಎಸಿ ತುಂಬಿದ್ದಾಗ ಮಾತ್ರ.

ಎಚ್‌ಪಿಎಂಸಿ ಇಲ್ಲಿ ನಡುವೆ ಒಂದೆರಡು ಸಲ ಮರುತುಂಬಿಸಬೇಕಾಗುತ್ತದೆ. ಊದಿದ ಬಿಳಿ ಕಣ್ಪೊರೆಯಲ್ಲಿ ಅದನ್ನೇ ನಂಬಬೇಡಿ. ಲೆನ್ಸ್ ಒಳಗಿನ ಒತ್ತಡ ಹೆಚ್ಚಿರುವುದರಿಂದ ಸೂಜಿ ಮುಟ್ಟಿದೊಡನೆ ಕ್ಯಾಪ್ಸೂಲ್ ಎರಡೂ ಬದಿಗೆ ಸೀಳಿ, ನೀಲಿಯ ನಡುವೆ ಬಿಳಿ ಪಟ್ಟಿ ಕಾಣುತ್ತದೆ. ಇದಕ್ಕೆ ಅರ್ಜೆಂಟೀನಾ ಧ್ವಜ ಎಂಬ ಹೆಸರೇ ಬಿದ್ದಿದೆ. ದಪ್ಪ ಕೊಹೆಸಿವ್ ಜೆಲ್‌ನಿಂದ ಎಸಿ ಬಿಗಿಗೊಳಿಸಿ, ಸಣ್ಣ ಸೂಜಿಯಿಂದ ಕರಗಿದ ದ್ರವ ಹೀರಿ, ಚಿಕ್ಕ ರೆಕ್ಸಿಸ್‌ನಿಂದ ಶುರುಮಾಡಿ ಆಮೇಲೆ ಅಗಲಿಸಿ.

ಹೈಡ್ರೊಡಿಸೆಕ್ಷನ್‌ಗೆ ಮುನ್ನ ಸ್ವಲ್ಪ ಹೊರಗೆ

ರೆಕ್ಸಿಸ್ ಮುಗಿದಾಗ ಎಸಿ ಜೆಲ್‌ನಿಂದ ತುಂಬಿರುತ್ತದೆ. ಆ ಸ್ಥಿತಿಯಲ್ಲೇ ಹೈಡ್ರೊಡಿಸೆಕ್ಷನ್ ಮಾಡಿದರೆ, ಅಂದರೆ ಲೆನ್ಸ್ ಬಿಡಿಸಲು ಕ್ಯಾಪ್ಸೂಲ್ ಅಡಿಗೆ ನೀರು ಹಾಯಿಸಿದರೆ, ಅದಕ್ಕೆ ಹೊರಬರಲು ದಾರಿ ಇಲ್ಲ. ನ್ಯೂಕ್ಲಿಯಸ್ ಮೇಲೆದ್ದು ರೆಕ್ಸಿಸನ್ನು ಬಿರಡೆಯಂತೆ ಮುಚ್ಚುತ್ತದೆ, ಹಿಂದಿನ ಕ್ಯಾಪ್ಸೂಲ್ ಒಡೆಯುತ್ತದೆ. ಕ್ಯಾನ್ಯುಲಾದಿಂದ ಗಾಯದ ಕೆಳತುಟಿಯನ್ನು ಒತ್ತಿ ಸ್ವಲ್ಪ ಜೆಲ್ ಬಿಡಿ, ಆಮೇಲೆ ಸಣ್ಣ ಸಣ್ಣ ಧಾರೆಯಲ್ಲಿ ನೀರು ಹಾಯಿಸಿ, ಪ್ರತಿ ಸಲವೂ ನ್ಯೂಕ್ಲಿಯಸನ್ನು ಮೆಲ್ಲಗೆ ಅದುಮಿ. ಲೆನ್ಸಿನ ಹಿಂಬದಿಯ ಮಧ್ಯದಲ್ಲಿರುವ ಪೋಸ್ಟೀರಿಯರ್ ಪೋಲಾರ್ ಕಣ್ಪೊರೆಯಲ್ಲಿ ಹೈಡ್ರೊಡಿಸೆಕ್ಷನ್ ಬೇಡವೇ ಬೇಡ, ನ್ಯೂಕ್ಲಿಯಸ್ ಸುತ್ತಷ್ಟೇ ನೀರು ಹಾಯಿಸುವ ಡೀಲೀನಿಯೇಷನ್ ಮಾತ್ರ.

ಫೇಕೋ: ಎರಡು ಪದರ

ಕೆನಡಾದ ಸ್ಟೀವ್ ಆರ್ಶಿನಾಫ್ 1999ರಲ್ಲಿ ವಿವರಿಸಿದ ಸಾಫ್ಟ್ ಶೆಲ್ ತಂತ್ರ ಎರಡು ಗುಂಪಿನ ಜೆಲ್‌ಗಳನ್ನು ಒಟ್ಟಿಗೆ ದುಡಿಸುವ ಉಪಾಯ. ಮೊದಲು ಡಿಸ್ಪರ್ಸಿವ್ ಜೆಲ್ ಅನ್ನು ಲೆನ್ಸಿನ ಮೇಲೆ, ಎಸಿಯ ಅರ್ಧದಷ್ಟು ಗುಡ್ಡೆಯಾಗಿ ಹಾಕಿ. ಆಮೇಲೆ ಕೊಹೆಸಿವ್ ಕ್ಯಾನ್ಯುಲಾವನ್ನು ಆ ಗುಡ್ಡೆಯ ಅಡಿಗೆ, ಲೆನ್ಸಿಗೆ ತಾಗಿದಂತೆ ಇಟ್ಟು ಒತ್ತಿ. ಕೆಳಗಿನಿಂದ ಉಬ್ಬುವ ಕೊಹೆಸಿವ್ ಮೇಲಿನದನ್ನು ಎತ್ತಿ ಎಂಡೋಥೀಲಿಯಂಗೆ ಸಮನಾಗಿ ಬಳಿಯುತ್ತದೆ. ಅನುಕ್ರಮ ತಲೆಕೆಳಗಾದರೆ ಡಿಸ್ಪರ್ಸಿವ್ ಎಲ್ಲೋ ಪಕ್ಕದಲ್ಲಿ ಉಳಿಯುತ್ತದೆ, ಎರಡು ಸಿರಿಂಜಿನ ಖರ್ಚು ವ್ಯರ್ಥ. ಲೇಪ ಕಾಯುವುದು ಚೂರುಗಳ ಪೆಟ್ಟಿನಿಂದ ಮಾತ್ರವಲ್ಲ. ಅಲ್ಟ್ರಾಸೌಂಡ್ ನೀರಿನಲ್ಲಿ ಹುಟ್ಟಿಸುವ ಫ್ರೀ ರ್‍ಯಾಡಿಕಲ್‌ಗಳನ್ನೂ ಹಯಲುರೊನೇಟ್ ಹೀರಿಕೊಳ್ಳುತ್ತದೆ.

ಎಚ್‌ಪಿಎಂಸಿ ಒಂದೇ ಇದ್ದರೆ ಒಮ್ಮೆ ತುಂಬಿ ಮರೆಯಬೇಡಿ. ಗಟ್ಟಿ ನ್ಯೂಕ್ಲಿಯಸ್‌ನಲ್ಲಿ ತೋಡು (ಟ್ರೆಂಚ್) ಕೊರೆದು ಮುಗಿದಾಗ, ಮತ್ತೆ ಒಂದೆರಡು ತುಂಡು ಹೋದ ಮೇಲೆ, ನಿಲ್ಲಿಸಿ ಕಾರ್ನಿಯಾದಡಿ ಹೊಸ ಪದರ ಹಾಕಿ. ಹೀಗೆ ನಿಲ್ಲಿಸುವುದಕ್ಕೆ ಬೇಸರಪಟ್ಟುಕೊಳ್ಳುವವರ ರೋಗಿಗಳೇ ಮರುದಿನ ಮಂಜಾದ ಕಾರ್ನಿಯಾ ಹೊತ್ತು ಡ್ರೆಸಿಂಗ್ ಬಿಚ್ಚಿಸಿಕೊಳ್ಳುವುದು.

ಜೆಲ್ ತರುವ ಅಪಾಯವೂ ಒಂದಿದೆ. ಎಸಿ ತುಂಬ ದಪ್ಪ ಜೆಲ್ ಇರುವಾಗ ನೇರವಾಗಿ ಅಲ್ಟ್ರಾಸೌಂಡ್ ಒತ್ತಿದರೆ ಫೇಕೋ ಪ್ರೋಬ್‌ನ ತುದಿ ಕಟ್ಟಿಕೊಳ್ಳುತ್ತದೆ. ಹೀರುವಿಕೆ ನಿಂತರೆ ಒಳಗೆ ಬರುವ ನೀರೂ ನಿಲ್ಲುತ್ತದೆ, ತುದಿಯನ್ನು ತಣ್ಣಗಿಡುವವರಿಲ್ಲ. ಸುಮಾರು 60 ಡಿಗ್ರಿಗೆ ಕಾರ್ನಿಯಾದ ಕೊಲಾಜೆನ್ ಕುಗ್ಗುತ್ತದೆ, ಗಾಯ ಸುಟ್ಟು ಬಾಯಿಬಿಡುತ್ತದೆ, ಹೊಲಿಗೆಗೂ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಪೆಡಲ್‌ನ ಎರಡನೇ ಸ್ಥಾನದಲ್ಲೇ (ಅಲ್ಟ್ರಾಸೌಂಡ್ ಇಲ್ಲದ ಹೀರುವಿಕೆ) ಕೆಲವು ಸೆಕೆಂಡ್ ಇದ್ದು, ನ್ಯೂಕ್ಲಿಯಸ್ ಮೇಲಿನ ಜೆಲ್ ಹೀರಿ ನೀರು ಓಡಾಡುವಷ್ಟು ಜಾಗ ಮಾಡಿ. ತುದಿಯ ಸುತ್ತ ಹಾಲಿನಂಥ ಬಿಳಿ ಮೋಡ ಎದ್ದು ಅಲ್ಲೇ ನಿಂತರೆ ಅದು ಕಟ್ಟಿಕೊಂಡ ಗುರುತು. ಕಾಲು ತಕ್ಷಣ ಎತ್ತಿ, ತುದಿ ಹೊರತೆಗೆದು ಫ್ಲಶ್ ಮಾಡಿ.

ಎಸ್‌ಐಸಿಎಸ್‌ನಲ್ಲಿ

6ರಿಂದ 7 ಮಿ.ಮೀ. ಟನೆಲ್ (ಸುರಂಗದಂಥ ಗಾಯ) ಇರುವಲ್ಲಿ ದುಬಾರಿ ಕೊಹೆಸಿವ್ ಜೆಲ್ ಹಾಕುವುದರಲ್ಲಿ ಅರ್ಥ ಕಡಿಮೆ. ನ್ಯೂಕ್ಲಿಯಸ್ ಹೊರತೆಗೆಯುವ ಸೌಟಿನಂಥ ವೆಕ್ಟಿಸ್ ಒಳಗೆ ಹೋಗುವಾಗಲೇ ಅದು ಇಡಿಯಾಗಿ ಜಾರಿ ಹೊರಬರುತ್ತದೆ. ಅಂಟಿಕೊಂಡಿರುವ ಎಚ್‌ಪಿಎಂಸಿಯೇ ಇಲ್ಲಿ ಮೇಲು. ನ್ಯೂಕ್ಲಿಯಸ್ ಎಸಿಗೆ ಬಂದ ಮೇಲೆ ಮೊದಲು ಅದರ ಮೇಲೆ, ಎಂಡೋಥೀಲಿಯಂ ಕಡೆಗೆ, ಧಾರಾಳವಾಗಿ ಹಾಕಿ. ಆಮೇಲೆ ಕ್ಯಾನ್ಯುಲಾವನ್ನು ನ್ಯೂಕ್ಲಿಯಸ್ ಅಡಿಗೆ ಜಾರಿಸಿ ಅಲ್ಲೂ ಒಂದು ಪದರ. ಕೆಳಗೆ ಜೆಲ್ ಇಲ್ಲದಿದ್ದರೆ ವೆಕ್ಟಿಸ್ ಐರಿಸನ್ನೋ ಹಿಂದಿನ ಕ್ಯಾಪ್ಸೂಲನ್ನೋ ಕಚ್ಚುತ್ತದೆ. ಮೇಲೆ ಇಲ್ಲದಿದ್ದರೆ ನ್ಯೂಕ್ಲಿಯಸ್ ಹೊರಬರುವ ದಾರಿಯುದ್ದಕ್ಕೂ ಎಂಡೋಥೀಲಿಯಂ ಕೆರೆದುಹೋಗುತ್ತದೆ. ಜೆಲ್‌ನ ಒತ್ತಡದಿಂದಲೇ ನ್ಯೂಕ್ಲಿಯಸ್ ಹೊರದೂಡುವ ವಿಸ್ಕೋ ಎಕ್ಸ್‌ಪ್ರೆಷನ್ ಮಾಡುವವರು ಕ್ಯಾನ್ಯುಲಾ ತುದಿಯನ್ನು ನ್ಯೂಕ್ಲಿಯಸ್ ಹಿಂದೆ, ದೂರದ ಅಂಚಿನ ತನಕ ಒಯ್ದು, ಕ್ಯಾನ್ಯುಲಾದ ದಂಡದಿಂದಲೇ ಟನೆಲ್‌ನ ಕೆಳತುಟಿ ಒತ್ತುತ್ತ ಜೆಲ್ ಬಿಡಬೇಕು. ನ್ಯೂಕ್ಲಿಯಸ್ ಬಾಯಿಗೆ ಬಂದು ನಿಂತರೆ ಒತ್ತಡ ಹೆಚ್ಚಿಸಬೇಡಿ. ಟನೆಲ್‌ನ ಒಳಬಾಯಿ ಚಿಕ್ಕದಾಗಿದೆ ಎಂದರ್ಥ. ಅಗಲಿಸಿ.

ಹಿಂದಿನ ಕ್ಯಾಪ್ಸೂಲ್ ಹರಿದರೆ

ಫೇಕೋ ನಡುವೆ ಈ ಹರಕು, ಅಂದರೆ ಪಿಸಿ ರೆಂಟ್, ಕಂಡೊಡನೆ ಬರುವ ಮೊದಲ ಪ್ರವೃತ್ತಿ ಪ್ರೋಬ್ ಹೊರಗೆಳೆಯುವುದು. ಎಳೆದರೆ ಎಸಿ ಕುಸಿದು ಕಣ್ಣಿನ ಹಿಂಭಾಗ ತುಂಬಿರುವ ಲೋಳೆಯಾದ ವಿಟ್ರಿಯಸ್ ಮುಂದಕ್ಕೆ ನುಗ್ಗುತ್ತದೆ, ಸಣ್ಣ ರಂಧ್ರ ದೊಡ್ಡದಾಗುತ್ತದೆ. ಬಾಟಲ್ ಎತ್ತರ ತಗ್ಗಿಸಿ, ಪೆಡಲನ್ನು ಬರೀ ಇರಿಗೇಷನ್‌ನಲ್ಲಿ ಹಿಡಿದು, ಎಡಗೈಯಿಂದ ಸೈಡ್ ಪೋರ್ಟ್ ಮೂಲಕ ಡಿಸ್ಪರ್ಸಿವ್ ಜೆಲ್ ಅನ್ನು ರಂಧ್ರದ ಮೇಲೆ ಹಾಕಿ, ಎಸಿ ತುಂಬಿದ ಮೇಲೆ ಪ್ರೋಬ್ ತೆಗೆಯಿರಿ. ಜೆಲ್ ರಂಧ್ರಕ್ಕೆ ಮುಚ್ಚಳವಾಗಿ ವಿಟ್ರಿಯಸನ್ನು ಹಿಂದೆ ತಡೆಯುತ್ತದೆ. ಉಳಿದ ತುಂಡುಗಳ ಅಡಿಯಲ್ಲೂ ಸ್ವಲ್ಪ ಹಾಕಿ ಮೇಲಕ್ಕೆತ್ತಬಹುದು. ಹೆಚ್ಚು ಒತ್ತಿದರೆ ಜೆಲ್ಲೇ ರಂಧ್ರವನ್ನು ಹಿಗ್ಗಿಸಿ ತುಂಡನ್ನು ಕೆಳಗೆ ಬೀಳಿಸುತ್ತದೆ. ಇಂಥ ಕಣ್ಣಿನಲ್ಲಿ ಜೆಲ್ ಪೂರ್ತಿ ತೆಗೆಯಲು ಹಟ ಹಿಡಿಯಬೇಡಿ. ಉಳಿದದ್ದರಿಂದ ಏರುವ ಒತ್ತಡಕ್ಕೆ ಔಷಧಿ ಇದೆ.

ಕೃತಕ ಲೆನ್ಸ್ ಇಡುವಾಗ

ಈಗ ಬೇಕಿರುವುದು ಜಾಗ ಮಾತ್ರ. ಆದ್ದರಿಂದ ಕೊಹೆಸಿವ್ ಇದ್ದರೆ ಅದು. ರೆಕ್ಸಿಸ್ ಅಂಚಿನಡಿ ತುದಿ ಸೇರಿಸಿ, ದೂರದ ಕಡೆಯಿಂದ ಬ್ಯಾಗ್ (ಖಾಲಿಯಾದ ಕ್ಯಾಪ್ಸೂಲ್ ಚೀಲ) ತೆರೆದುಕೊಳ್ಳುವಂತೆ ತುಂಬಿ, ಆಮೇಲೆ ಎಸಿ. ಡಿಸ್ಪರ್ಸಿವ್ ಜೆಲ್ ಬ್ಯಾಗ್‌ನೊಳಗೆ ಹೋದರೆ ಲೆನ್ಸಿನ ಹಿಂದಿನಿಂದ ತೆಗೆಯುವುದು ಕಷ್ಟ. ಲೆನ್ಸ್ ತೂರಿಸುವ ಕಾರ್ಟ್ರಿಜ್‌ನ ಕೊಳವೆಯುದ್ದಕ್ಕೂ ಜೆಲ್ ಇರಲಿ. ಕಡಿಮೆಯಾದರೆ ಲೆನ್ಸ್ ಗೀಚುತ್ತದೆ, ಅದರ ಕಾಲಾದ ಹ್ಯಾಪ್ಟಿಕ್ ಸಿಕ್ಕಿಕೊಳ್ಳುತ್ತದೆ. ಲೋಡ್ ಮಾಡಿ ಬಹಳ ಹೊತ್ತು ಟ್ರೇ ಮೇಲೆ ಬಿಟ್ಟರೆ ಜೆಲ್ ಒಣಗಿ ಅದೇ ಗತಿ.

ತೆಗೆಯುವುದು

ಕೇಸ್ ಮುಗಿದಂತೆ ಅನ್ನಿಸುವ ಈ ಹೊತ್ತಿನಲ್ಲೇ ಅವಸರ ಹೆಚ್ಚು. ಉಳಿದ ಜೆಲ್ ಕಣ್ಣಿನ ದ್ರವ ಹೊರಹೋಗುವ ಟ್ರಬೆಕ್ಯುಲಾರ್ ಜಾಲರಿಯಲ್ಲಿ ಸಿಕ್ಕಿ ಕಣ್ಣಿನ ಒತ್ತಡ ಏರಿಸುತ್ತದೆ. ಲೆನ್ಸಿನ ಹಿಂದೆ ಉಳಿದದ್ದು ಬೇರೆಯೇ ತೊಂದರೆ: ರೆಕ್ಸಿಸನ್ನು ಲೆನ್ಸ್ ಮುಚ್ಚಿದಾಗ ಒಳಗಿನ ಜೆಲ್ ನೀರು ಎಳೆದುಕೊಂಡು ಬ್ಯಾಗ್ ಊದುತ್ತದೆ, ಲೆನ್ಸ್ ಮುಂದೆ ಸರಿಯುತ್ತದೆ, ರೋಗಿಗೆ ಎಣಿಸದ ಮೈನಸ್ ಪವರ್ ಬರುತ್ತದೆ. ಕ್ಯಾಪ್ಸುಲಾರ್ ಬ್ಲಾಕ್ ಎಂಬ ಈ ಸ್ಥಿತಿಗೆ ಯಾಗ್ ಲೇಸರ್‌ನಿಂದ ರಂಧ್ರ ಮಾಡಬೇಕಾಗುತ್ತದೆ.

ನೀರು ಬಿಡುತ್ತ ಹೀರುವ ಐ/ಎ ತುದಿಯನ್ನು ಲೆನ್ಸಿನ ಮಧ್ಯದಲ್ಲಿಟ್ಟು 400ರಿಂದ 500 ಮಿ.ಮೀ. ಪಾದರಸದ ವ್ಯಾಕ್ಯೂಮ್‌ನಲ್ಲಿ ಹೀರುತ್ತ, ಲೆನ್ಸನ್ನು ಒಂದು ಬದಿಗೆ ಒತ್ತಿ ವಾಲಿಸಿ, ಮತ್ತೆ ಇನ್ನೊಂದು ಬದಿಗೆ. ವಾಲಿದಾಗಲೆಲ್ಲ ಹಿಂದಿನ ಜೆಲ್ ಅಂಚಿನಿಂದ ಮೇಲೆ ಬರುತ್ತದೆ. ಹಿಂದಿನ ಕ್ಯಾಪ್ಸೂಲ್ ಗಟ್ಟಿಯಿದ್ದು ಕೈ ಪಳಗಿದ್ದರೆ ತುದಿಯನ್ನು ಲೆನ್ಸಿನ ಹಿಂದಕ್ಕೇ ಒಯ್ಯಬಹುದು. ರಂಧ್ರ ಮೇಲ್ಮುಖವಾಗಿರಲಿ, ವ್ಯಾಕ್ಯೂಮ್ ಕಡಿಮೆಯಿರಲಿ. ಕೊನೆಯಲ್ಲಿ ಕೋನದ ಸುತ್ತ ಒಂದು ಪ್ರದಕ್ಷಿಣೆ. ಎಚ್‌ಪಿಎಂಸಿ ನೀರಿನಷ್ಟೇ ಪಾರದರ್ಶಕ, ಕಣ್ಣಿಗೆ ಕಾಣುವುದಿಲ್ಲ. ತೇಲುವ ಕಣಗಳನ್ನು ಗಮನಿಸಿ: ನೀರಿನಲ್ಲಿ ಅವು ಸುತ್ತುತ್ತವೆ, ಜೆಲ್‌ನಲ್ಲಿ ಹೂತಂತೆ ನಿಂತಿರುತ್ತವೆ. ಸಿಮ್ಕೋ ಬಳಸುವಾಗ ಹೀರುವ ಬಲ ಕಡಿಮೆಯಾದ್ದರಿಂದ ಇನ್ನೂ ಹೆಚ್ಚು ಹೊತ್ತು ಕೊಡಿ. ಮಾಕ್ಸಿಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಒಳಗೆ ಹಾಕುವುದಿದ್ದರೆ ಈ ವಾಶ್ ಮುಗಿದು ಗಾಯ ಮುಚ್ಚಿದ ಮೇಲೆ.

ಮೊದಲ ರಾತ್ರಿ

ಒತ್ತಡ ಏರುವುದು ಹೆಚ್ಚಾಗಿ ಆಪರೇಷನ್ ಆದ 4ರಿಂದ 8 ಗಂಟೆಯೊಳಗೆ. ಬಹುಪಾಲು ಮರುದಿನಕ್ಕೆ ಇಳಿಯುತ್ತದೆ. ಮಾಮೂಲು ಕಣ್ಣು ಅದನ್ನು ತಾಳಿಕೊಳ್ಳುತ್ತದೆ, ಗ್ಲಾಕೋಮಾದಿಂದ ನರ ಸವೆದ ಕಣ್ಣು ತಾಳದು. ಅಂಥವರನ್ನು ಅದೇ ಸಂಜೆ ಒಮ್ಮೆ ನೋಡಬೇಕು. ಹುಬ್ಬಿನ ಮೇಲೆ ನೋವು, ವಾಕರಿಕೆ, ಹಬೆ ಹಿಡಿದಂಥ ಕಾರ್ನಿಯಾ ಇದ್ದರೆ ಅನುಮಾನಪಡಿ. 'ಆಪರೇಷನ್ ನೋವು' ಎಂದು ಮಾತ್ರೆ ಕೊಟ್ಟು ಮಲಗಿಸಬೇಡಿ. ಟಿಮೊಲಾಲ್ ಹನಿ, ಅಸೆಟಜೋಲಮೈಡ್ 250 ಮಿ.ಗ್ರಾಂ ಸಾಮಾನ್ಯ ಆಯ್ಕೆಗಳು. ಮೊದಲನೆಯದಕ್ಕೆ ಮುಂಚೆ ಆಸ್ತಮಾ, ಎರಡನೆಯದಕ್ಕೆ ಮುಂಚೆ ಸಲ್ಫಾ ಅಲರ್ಜಿ ಮತ್ತು ಮೂತ್ರಪಿಂಡದ ತೊಂದರೆ ವಿಚಾರಿಸಬೇಕು. ತೀರ ಏರಿದ್ದರೆ ಪೊವಿಡೋನ್ ಅಯೊಡಿನ್ ಹಾಕಿ, ಸ್ಲಿಟ್ ಲ್ಯಾಂಪಿನಲ್ಲಿ ಸೈಡ್ ಪೋರ್ಟ್‌ನ ತುಟಿ ಒತ್ತಿ ಸ್ವಲ್ಪ ದ್ರವ ಬಿಡುವುದು ವೈದ್ಯರ ಕೆಲಸ. ಪರಿಣಾಮ ತಾತ್ಕಾಲಿಕ, ಗಂಟೆ ಬಿಟ್ಟು ಮತ್ತೆ ಅಳೆಯಿರಿ.

ಮರುದಿನ ಕಾರ್ನಿಯಾ ಅಂಚಿನಿಂದ ಅಂಚಿಗೆ ಊದಿದ್ದು, ನೋವು ಅಷ್ಟಿಲ್ಲದೆ ಎಸಿಯಲ್ಲಿ ಫೈಬ್ರಿನ್ ಕಂಡರೆ ಟಾಸ್ ನೆನಪಿಗೆ ಬರಬೇಕು. ಆದರೆ ಸೋಂಕು ಅಲ್ಲವೆಂದು ಖಚಿತವಾಗುವವರೆಗೆ ಸೋಂಕೆಂದೇ ಎಚ್ಚರ ವಹಿಸಿ. ಒಂದೇ ದಿನ ಎರಡು ಕಣ್ಣಿನಲ್ಲಿ ಹೀಗಾದರೆ ಮುಂದಿನ ಪಟ್ಟಿ ನಿಲ್ಲಿಸಿ ಮೂಲ ಹುಡುಕಬೇಕು. ಹುಡುಕಲು ಸಾಧ್ಯವಾಗುವುದು ಪ್ರತಿ ಕೇಸ್ ಶೀಟ್‌ನಲ್ಲಿ ಜೆಲ್‌ನ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕ ಇದ್ದರೆ ಮಾತ್ರ. ಸಿರಿಂಜ್ ಮೇಲಿನ ಸ್ಟಿಕರನ್ನೇ ಕಿತ್ತು ಅಲ್ಲಿ ಅಂಟಿಸಿಬಿಡಿ.